11,000 ರೂಪಾಯಿಯ ಪ್ಯೂರಿಫೈಯರ್, 450 ರೂಪಾಯಿಯ ಸ್ಪೇಸರ್: ಮಗನ ಉಬ್ಬಸದ ಜೊತೆ ಮೂರು ವರ್ಷ

ಶಿರಸಿಯ ನಮ್ಮ ಮನೆಯಲ್ಲಿ ಕಪಾಟಿನ ಮೇಲೆ ಒಂದು ಏರ್ ಪ್ಯೂರಿಫೈಯರ್ ಇದೆ. ಧೂಳು ಕೂರದಿರಲಿ ಅಂತ ಹಳೆಯ ಪಂಚೆ ಹೊದಿಸಿದ್ದೇನೆ. ಅದೇ ಕಪಾಟಿನೊಳಗೆ, ಕತ್ತಲಲ್ಲೂ ಕೈಗೆ ಸಿಗುವ ಜಾಗದಲ್ಲಿ, ಒಂದು ಸ್ಟೀಲ್ ಡಬ್ಬಿ ಇದೆ. ಅದರಲ್ಲಿ ಮಗನ ಇನ್‌ಹೇಲರ್‌ಗಳು ಮತ್ತು ಸ್ಪೇಸರ್, ಅಂದರೆ ಇನ್‌ಹೇಲರ್ ಸಿಕ್ಕಿಸಿ ಔಷಧಿ ಉಸಿರಾಡಿಸುವ ಪ್ಲಾಸ್ಟಿಕ್ ಕೊಳವೆ. ಮೊದಲನೆಯದಕ್ಕೆ 11,000 ರೂಪಾಯಿ ಕೊಟ್ಟಿದ್ದೆವು. ಎರಡನೆಯದಕ್ಕೆ ಮಾಸ್ಕ್ ಸೇರಿ 450. ಇವೆರಡರ ಬಗ್ಗೆಯೂ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಯಾಕೆಂದರೆ ಬೆಂಗಳೂರಲ್ಲಿರುವ ಗೆಳತಿಯರು, ಸಂಬಂಧಿಕರು, ಮಗುವಿಗೆ ಕೆಮ್ಮು ಶುರುವಾದ ಕೂಡಲೇ ನನಗೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಪ್ಯೂರಿಫೈಯರ್ ತಗೊಂಡಿದ್ದೆ?" ಸ್ಪೇಸರ್ ಬಗ್ಗೆ ಇವತ್ತಿನವರೆಗೆ ಒಬ್ಬರೂ ತಾವಾಗಿ ಕೇಳಿಲ್ಲ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಎರಡೂ ವಸ್ತುವಿನ ಕೆಲಸ ಹೇಗೆ ಅಂತ ಗೊತ್ತಾದರೆ ಯಾವ ಕಂಪನಿಯದ್ದಾದರೂ ನೀವೇ ನೋಡಿ ಆರಿಸಬಹುದು.

ಮೊದಲು ಸ್ವಲ್ಪ ಹಿಂದಿನ ಕತೆ. ನಾವು ಬೆಂಗಳೂರಲ್ಲಿ ಹೊರ ವರ್ತುಲ ರಸ್ತೆಯ ಪಕ್ಕದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಎರಡನೇ ಮಹಡಿ. ಬಾಲ್ಕನಿಯಿಂದ ಕೆಳಗೆ ನೋಡಿದರೆ ಸಿಗ್ನಲ್, ಅಲ್ಲಿ ಬೆಳಗಿನಿಂದ ರಾತ್ರಿ 11ರವರೆಗೆ ಗಾಡಿಗಳು ನಿಂತೇ ಇರುತ್ತಿದ್ದವು. ತೊಳೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ತಂತಿ ತಾಗಿದ ಕಡೆ ಕಪ್ಪು ಗೆರೆ. ಮಗನಿಗೆ ಮೂರು ತುಂಬಿದ ಮೇಲೆ ರಾತ್ರಿ ಕೆಮ್ಮು ಶುರುವಾಯಿತು. ಹಗಲು ಚೆನ್ನಾಗಿಯೇ ಆಡುತ್ತಿದ್ದ. ನಡುರಾತ್ರಿ ಕಳೆದ ಮೇಲೆ ಕೆಮ್ಮಿ ಕೆಮ್ಮಿ ವಾಂತಿ ಮಾಡುತ್ತಿದ್ದ. ಥಂಡಿ ಅಂದರು, ಕಫ ಅಂದರು, ಸಿರಪ್ ಕೊಟ್ಟರು, ಆಂಟಿಬಯೋಟಿಕ್ ಕೊಟ್ಟರು. ಒಂದು ಕೋರ್ಸ್ ಮುಗಿದು ಹತ್ತು ದಿನ ಆರಾಮ, ಮತ್ತೆ ಅದೇ. ಕೊನೆಗೆ ಒಬ್ಬರು ಮಕ್ಕಳ ಡಾಕ್ಟರ್ "ಇದು ಆಸ್ತಮಾ ಇರಬಹುದು, ಇನ್‌ಹೇಲರ್ ಶುರು ಮಾಡೋಣ" ಅಂದಾಗ ನಾನು ಒಪ್ಪಲಿಲ್ಲ. ಇಷ್ಟು ಸಣ್ಣ ಮಗುವಿಗೆ ಪಂಪು ಹಿಡಿಸುವುದಾ ಅಂತ ಭಯವಾಯಿತು. ಗಾಳಿ ಕೆಟ್ಟಿದ್ದರಿಂದ ತಾನೇ ಬಂದದ್ದು, ಹಾಗಾದರೆ ಗಾಳಿಯನ್ನೇ ಸರಿ ಮಾಡಿದರಾಯಿತು ಅಂತ ಆ ವಾರವೇ ಪ್ಯೂರಿಫೈಯರ್ ತರಿಸಿದೆವು. ಇನ್‌ಹೇಲರ್‌ ಚೀಟಿ ನನ್ನ ಪರ್ಸಿನಲ್ಲೇ ನಾಲ್ಕು ತಿಂಗಳು ಉಳಿಯಿತು. ಆ ನಾಲ್ಕು ತಿಂಗಳ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಈಗ ಪ್ಯೂರಿಫೈಯರ್ ವಿಷಯ. ಅದು ಕೆಟ್ಟ ವಸ್ತು ಅಲ್ಲವೇ ಅಲ್ಲ. ಒಳಗೆ ಒಂದು ಫ್ಯಾನ್, ಅದರ ಮುಂದೆ ಮಡಿಕೆ ಮಡಿಕೆಯಾದ ಹೆಪಾ ಫಿಲ್ಟರ್, ಜೊತೆಗೆ ತೆಳುವಾದ ಇದ್ದಿಲ ಪದರ, ಅಷ್ಟೇ. ಎಚ್13 ಅಂತ ಬರೆದಿರುವ ಒಳ್ಳೆಯ ಹೆಪಾ ಫಿಲ್ಟರ್ ಹಿಡಿಯಲು ತೀರಾ ಕಷ್ಟವಾದ ಗಾತ್ರದ ಕಣಗಳಲ್ಲೂ 99.95%ರಷ್ಟನ್ನು ಹಿಡಿಯುತ್ತದೆ. ಪಿಎಂ 2.5 ಅಂತ ಎಲ್ಲ ಕಡೆ ಕೇಳುತ್ತೀರಲ್ಲ, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣ. ನಮ್ಮ ತಲೆಕೂದಲಿನ ದಪ್ಪ 50ರಿಂದ 70 ಮೈಕ್ರಾನ್. ಮೂಗಿನ ಕೂದಲು, ಗಂಟಲಿನ ಅಂಟು, ಯಾವುದೂ ತಡೆಯದೆ ಈ ಕಣ ಶ್ವಾಸಕೋಶದ ತುದಿಯವರೆಗೆ ಹೋಗುತ್ತದೆ. ಅದನ್ನು ಯಂತ್ರ ನಿಜಕ್ಕೂ ಹಿಡಿಯುತ್ತದೆ. ಮೂರು ತಿಂಗಳಿಗೆ ಫಿಲ್ಟರ್ ತೆಗೆದು ನೋಡಿದಾಗ ಬಿಳಿಯಿದ್ದದ್ದು ಬೂದಿ ಬಣ್ಣ ದಾಟಿ ಕಪ್ಪಾಗಿತ್ತು. ಅದನ್ನು ನೋಡಿ ನನಗೆ ಮೈ ಜುಂ ಅಂದಿತು. ಇದಿಷ್ಟೂ ಮಗನ ಎದೆಯೊಳಗೆ ಹೋಗುತ್ತಿತ್ತಲ್ಲ ಅಂತ.

ಆದರೆ ಕೆಲವು ವಿಷಯ ಅಂಗಡಿಯವರು ಹೇಳಲಿಲ್ಲ. ನಾವೂ ಕೇಳಲಿಲ್ಲ. ಮೊದಲನೆಯದು, ಡಬ್ಬದ ಮೇಲೆ "ಇಷ್ಟು ಚದರ ಅಡಿಗೆ ಸಾಕು" ಅಂತ ಬರೆದದ್ದನ್ನು ನೋಡಬೇಡಿ, ಸಿಎಡಿಆರ್ ಅನ್ನುವ ಸಂಖ್ಯೆ ನೋಡಿ. ಅಂದರೆ ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅಂತ. ನಮ್ಮ ಮಲಗುವ ಕೋಣೆ 10 ಅಡಿಗೆ 12 ಅಡಿ, ಎತ್ತರ 9 ಅಡಿ. ಸುಮಾರು 30 ಘನ ಮೀಟರ್ ಗಾಳಿ. ಉಬ್ಬಸದ ಮಗು ಮಲಗುವ ಕೋಣೆಯ ಗಾಳಿ ಗಂಟೆಗೆ ಐದು ಸಲವಾದರೂ ಫಿಲ್ಟರ್ ದಾಟಬೇಕು ಅಂತ ಲೆಕ್ಕ ಹಿಡಿದರೆ 150 ಬೇಕು. ಡಬ್ಬದ ಮೇಲೆ ಬರೆಯುವ ಸಂಖ್ಯೆ ಫ್ಯಾನ್ ಜೋರಾಗಿ ತಿರುಗುವಾಗಿನದು. ರಾತ್ರಿ ಸದ್ದು ಆಗುತ್ತದೆ ಅಂತ ನಿಧಾನ ಮಾಡಿ ಮಲಗುತ್ತೇವಲ್ಲ, ಆಗ ಅದು ತುಂಬಾ ಕಡಿಮೆಯಾಗುತ್ತದೆ. ಹಾಗಾಗಿ ಬೇಕಾದದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ತಗೊಂಡು ಮಧ್ಯಮ ವೇಗದಲ್ಲಿ ಓಡಿಸುವುದು ಒಳ್ಳೆಯದು. ಹಾಲ್, ಅಡುಗೆಮನೆ, ಕೋಣೆ ಎಲ್ಲಕ್ಕೂ ಸೇರಿ ಒಂದು ಯಂತ್ರ ಹಾಲಿನಲ್ಲಿಟ್ಟರೆ ಸುಮ್ನೆ ಕರೆಂಟ್ ಬಿಲ್.

ಎರಡನೆಯದು ಇನ್ನೂ ಮುಖ್ಯ. ಹೆಪಾ ಹಿಡಿಯುವುದು ಕಣವನ್ನು, ಅನಿಲವನ್ನಲ್ಲ. ಗಾಡಿಗಳ ಹೊಗೆಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಅಂತ ಒಂದು ಅನಿಲ ಇರುತ್ತದೆ. ಮಕ್ಕಳ ಆಸ್ತಮಾದಲ್ಲಿ ಇದರ ಪಾತ್ರ ದೊಡ್ಡದು. 2019ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್‌ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಅಂದಾಜು ನೋಡಿ: ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಮಕ್ಕಳಿಗೆ ಹೊಸದಾಗಿ ಬರುವ ಆಸ್ತಮಾಕ್ಕೆ ಈ ಅನಿಲದ ನಂಟಿದೆ, ಭಾರತದಲ್ಲಿ ಆ ಸಂಖ್ಯೆ ಸುಮಾರು 3.5 ಲಕ್ಷ. ಪ್ಯೂರಿಫೈಯರ್‌ನ ತೆಳ್ಳಗಿನ ಇದ್ದಿಲ ಪದರ ಈ ಅನಿಲವನ್ನು ಸ್ವಲ್ಪ ಮಟ್ಟಿಗೆ ಹೀರಬಹುದು, ಬೇಗ ತುಂಬಿ ಹೋಗುತ್ತದೆ. ಮತ್ತೆ, ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯಿಂದಲೂ ಇದೇ ಅನಿಲ ಬರುತ್ತದೆ. ಅದು ಗೊತ್ತಾದ ದಿನದಿಂದ ಹಾಲು ಕಾಯಿಸುವಾಗಲೂ ಎಕ್ಸಾಸ್ಟ್ ಫ್ಯಾನ್ ಹಾಕುತ್ತೇನೆ.

ಮೂರನೆಯದು, ಮಗ ಆ ಕೋಣೆಯಲ್ಲಿ ಇರುತ್ತಿದ್ದದ್ದೇ ದಿನಕ್ಕೆ ಒಂಬತ್ತು ಹತ್ತು ಗಂಟೆ. ಉಳಿದ ಹೊತ್ತು ಶಾಲೆ, ವ್ಯಾನು, ಆಟದ ಜಾಗ. ವ್ಯಾನು ಸಿಗ್ನಲ್‌ನಲ್ಲಿ ನಿಂತಾಗ ಮಗುವಿನ ಮುಖ ಮತ್ತು ಮುಂದಿನ ಗಾಡಿಯ ಸೈಲೆನ್ಸರ್ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುತ್ತದೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆಯುತ್ತಾರೆ, ಅವರ ಶ್ವಾಸನಾಳ ಸಪೂರ, ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ನಮಗೆ ಬರೀ ಗಂಟಲು ಕೆರೆಯುವಷ್ಟು ಹೊಗೆ ಅವರ ನಾಳವನ್ನು ಊದಿಸಿ, ಅಂಟು ತುಂಬಿಸಿ, ಸುತ್ತಲಿನ ಸ್ನಾಯುವನ್ನು ಬಿಗಿಯುತ್ತದೆ. ಆಗ ಬರುವ ಶಬ್ದವೇ ಆ ಗುಯ್ ಗುಯ್.

ಈ ವಿಷಯ ಬೆಂಗಳೂರಿನವರಿಗೆ ಹೊಸದೇನಲ್ಲ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಲ್ಲಿ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಗಮನಿಸಿ ಬರೆದಿದ್ದರು: 1979ರಲ್ಲಿ 9% ಮಕ್ಕಳಲ್ಲಿದ್ದ ಆಸ್ತಮಾ 1999ಕ್ಕೆ 29.5% ಆಗಿತ್ತು. ಅದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಆದರೆ ಅವರೇ 12 ಶಾಲೆಗಳ 6,550 ಮಕ್ಕಳನ್ನೂ ನೋಡಿದ್ದರು. ಗಾಡಿ ಕಡಿಮೆ ಓಡಾಡುವ ಕಡೆಯ ಶಾಲೆಯಲ್ಲಿ 11% ಚಿಲ್ಲರೆ. ಗಾಡಿ ಜಾಸ್ತಿ ಇರುವ ಕಡೆ 19% ಚಿಲ್ಲರೆ. ಗಾಡಿಯೂ ಜಾಸ್ತಿ, ಮನೆಯಲ್ಲಿ ಬಡತನವೂ ಇರುವ ಕಡೆ 31% ಚಿಲ್ಲರೆ. ಆ ಕೊನೆಯ ಸಂಖ್ಯೆ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 11,000 ಕೊಟ್ಟು ಯಂತ್ರ ತರಲು ಆಗುವವರು ನಾವು, ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಶೆಡ್ಡಿನಲ್ಲಿದ್ದ ಉತ್ತರ ಕರ್ನಾಟಕದ ಕಟ್ಟಡ ಕೆಲಸದವರ ಮಕ್ಕಳು ಅದೇ ರಸ್ತೆಯ ಹೊಗೆ ಕುಡಿಯುತ್ತಿದ್ದರು.

ಲಂಡನ್ನಿನ ಎಲಾ ಅಡೂ-ಕಿಸ್ಸಿ-ಡೆಬ್ರಾ ಅನ್ನುವ ಹುಡುಗಿಯ ಹೆಸರು ಕೇಳಿದ್ದೀರಾ? ದೊಡ್ಡ ರಸ್ತೆಯೊಂದರ ಹತ್ತಿರವೇ ಅವಳ ಮನೆ. ತೀವ್ರ ಆಸ್ತಮಾ ಬಂದು ಮತ್ತೆ ಮತ್ತೆ ಆಸ್ಪತ್ರೆ ಸೇರಿ 2013ರ ಫೆಬ್ರವರಿಯಲ್ಲಿ ಒಂಬತ್ತನೇ ವಯಸ್ಸಿಗೆ ತೀರಿಹೋದಳು. ಅವಳ ಅಮ್ಮ ಬಿಡಲಿಲ್ಲ. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ವಿಚಾರಣೆಯಲ್ಲಿ ಅವಳ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣ ಅಂತ ತೀರ್ಮಾನವಾಯಿತು. ನಾನು ಇದನ್ನು ಓದಿದ್ದು ಒಂದು ರಾತ್ರಿ ಮಗ ಪಕ್ಕದಲ್ಲಿ ಮಲಗಿದ್ದಾಗ. ಅವನ ಉಸಿರು ಎಣಿಸುತ್ತಾ ಬೆಳಗಾಯಿತು.

ಇನ್ನೊಂದು ಮಾತು, ಫೋನ್‌ನಲ್ಲಿ ಗಾಳಿಯ ಗುಣಮಟ್ಟ ನೋಡುವವರಿಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಇದೆ, ಒಳ್ಳೆಯದೇ, ನಾನೂ ನೋಡುತ್ತಿದ್ದೆ. ಆದರೆ ಅದರಲ್ಲಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, 51ರಿಂದ 100 ಇದ್ದರೆ "ತೃಪ್ತಿಕರ" ಅಂತ ಬರುತ್ತದೆ. ಆ ಮಟ್ಟದಲ್ಲಿ ಪಿಎಂ 2.5 ಘನ ಮೀಟರಿಗೆ 60 ಮೈಕ್ರೋಗ್ರಾಂವರೆಗೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ದಿನಕ್ಕೆ ಇಟ್ಟ ಮಿತಿ 15. ಮೇಲಾಗಿ ಆ್ಯಪ್ ತೋರಿಸುವುದು 24 ಗಂಟೆಯ ಸರಾಸರಿ, ಮತ್ತು ಅದು ಮಾಪನ ಕೇಂದ್ರ ಇರುವ ಜಾಗದ್ದು, ನಿಮ್ಮ ಮಗು ನಿಂತ ಸಿಗ್ನಲ್‌ನದ್ದಲ್ಲ. ತೃಪ್ತಿಕರ ಅಂತ ಹಸಿರು ಬಣ್ಣ ನೋಡಿ ನಾನು ಮಗನನ್ನು ಸಂಜೆ ರಸ್ತೆ ಬದಿಯ ಪಾರ್ಕಿಗೆ ಕರೆದುಕೊಂಡು ಹೋದ ದಿನಗಳಿವೆ. ಈಗಾಗಿದ್ದರೆ ಒಳಗಿನ ಓಣಿಯ ಆಟದ ಮೈದಾನಕ್ಕೆ, ಗಾಡಿ ಕಡಿಮೆ ಇರುವ ಹೊತ್ತಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ದೊಡ್ಡ ರಸ್ತೆಯಿಂದ ಒಂದೆರಡು ಓಣಿ ಒಳಗೆ ಹೋದರೂ ವ್ಯತ್ಯಾಸ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಎಂಟು ವರ್ಷ ಗಮನಿಸಿದ ಅಧ್ಯಯನ 2007ರಲ್ಲಿ ಬಂತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮನೆಯಿದ್ದ ಮಕ್ಕಳ ಶ್ವಾಸಕೋಶ, 1,500 ಮೀಟರ್ ಆಚೆ ಇದ್ದವರಷ್ಟು ಬೆಳೆದಿರಲಿಲ್ಲ. ನಂತರ ಅಲ್ಲಿ ಗಾಳಿ ಸುಧಾರಿಸಿದಾಗ ಮುಂದಿನ ತಲೆಮಾರಿನ ಮಕ್ಕಳ ಶ್ವಾಸಕೋಶ ಚೆನ್ನಾಗಿ ಬೆಳೆಯಿತು, ಹೊಸದಾಗಿ ಆಸ್ತಮಾ ಬರುವುದೂ ಕಡಿಮೆಯಾಯಿತು. ಅಂದರೆ ಇದು ಸರಿ ಮಾಡಬಹುದಾದ ವಿಷಯ, ಅಲ್ವಾ? ಆದರೆ ಮನೆಯೊಳಗಿನ ಯಂತ್ರದಿಂದ ಅಲ್ಲ.

ಪ್ಯೂರಿಫೈಯರ್ ತಂದ ಮೇಲೆ ಮಗನ ಕೆಮ್ಮು ನಿಂತಿತಾ? ಸ್ವಲ್ಪ ಕಡಿಮೆಯಾದ ಹಾಗೆ ಅನಿಸಿತು. ನಿಲ್ಲಲಿಲ್ಲ. ದೀಪಾವಳಿಯ ಮರುದಿನ ಬೆಳಗಿನ ಜಾವ ಮಗನ ಪಕ್ಕೆ ಉಸಿರೆಳೆದಾಗಲೆಲ್ಲ ಒಳಗೆ ಹೋಗುತ್ತಿತ್ತು. ಕುತ್ತಿಗೆಯ ಕೆಳಗೆ ಗುಳಿ ಬೀಳುತ್ತಿತ್ತು. "ಅಮ್ಮಾ, ನೀರು" ಅಂತ ಎರಡು ಶಬ್ದ ಹೇಳಲು ನಡುವೆ ಉಸಿರು ತಗೊಳ್ಳುತ್ತಿದ್ದ. ಪ್ಯೂರಿಫೈಯರ್ ಪಕ್ಕದಲ್ಲೇ ಓಡುತ್ತಿತ್ತು, ಅದರ ದೀಪ ನೀಲಿ ಬಣ್ಣದಲ್ಲಿತ್ತು, ಅಂದರೆ ಕೋಣೆಯ ಗಾಳಿ ಶುದ್ಧ ಇದೆ ಅಂತ. ಹೌದು, ಗಾಳಿ ಶುದ್ಧವೇ ಇತ್ತು. ಆದರೆ ಊದಿಕೊಂಡ ನಾಳದೊಳಗೆ ಅದು ಹೋಗಬೇಕಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಒಬ್ಬರು ಸ್ಪೇಸರ್ ತಂದರು. ನಾನು ಅದನ್ನು ನೋಡಿದ್ದೇ ಅವತ್ತು. ಅಂಗೈಗಿಂತ ಸ್ವಲ್ಪ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಒಂದು ತುದಿಗೆ ಇನ್‌ಹೇಲರ್ ಸಿಕ್ಕಿಸುವ ತೂತು, ಇನ್ನೊಂದು ತುದಿಗೆ ಕವಾಟ, ಅದರ ಮುಂದೆ ಮಗುವಿನ ಮೂಗು ಬಾಯಿ ಮುಚ್ಚುವ ಮೆತ್ತನೆ ಮಾಸ್ಕ್. ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ. ಇನ್‌ಹೇಲರ್ ಕುಲುಕಿದರು, ಸಿಕ್ಕಿಸಿದರು, ಮಾಸ್ಕ್ ಒತ್ತಿ ಹಿಡಿದರು, ಒಂದು ಸಲ ಒತ್ತಿದರು, ಮಗ ಐದಾರು ಸಲ ಉಸಿರಾಡಿದ. ಮತ್ತೆ ಇನ್ನೊಂದು. ಡಾಕ್ಟರ್ ಗಡಿಯಾರ ನೋಡಿಕೊಂಡು ಮತ್ತೆ ಕೊಡಿಸಿದರು. ಬೆಳಕು ಹರಿಯುವಷ್ಟರಲ್ಲಿ ಪಕ್ಕೆ ಒಳಗೆ ಹೋಗುವುದು ಕಡಿಮೆಯಾಗಿ ಮಗ ಬಿಸ್ಕತ್ ಕೇಳಿದ.

ಸ್ಪೇಸರ್ ಏನು ಮಾಡುತ್ತದೆ ಅಂತ ಆಮೇಲೆ ಅರ್ಥವಾಯಿತು. ಇನ್‌ಹೇಲರ್ ಒತ್ತಿದಾಗ ಔಷಧಿ ಭಯಂಕರ ವೇಗದಲ್ಲಿ ಹೊರಬರುತ್ತದೆ. ನೇರ ಬಾಯಿಗೆ ಒತ್ತಿದರೆ ಹೆಚ್ಚಿನದು ಗಂಟಲ ಹಿಂಭಾಗಕ್ಕೆ ಬಡಿದು ಅಲ್ಲೇ ಉಳಿಯುತ್ತದೆ. ಒತ್ತುವುದು, ಉಸಿರೆಳೆಯುವುದು ಒಂದೇ ಕ್ಷಣಕ್ಕೆ ಆಗಬೇಕು, ಅದು ದೊಡ್ಡವರಿಗೇ ಕಷ್ಟ. ಕೊಳವೆಯೊಳಗೆ ಆ ವೇಗ ಇಳಿದು ಔಷಧಿ ಮಂಜಿನ ಹಾಗೆ ನಿಲ್ಲುತ್ತದೆ. ಮಗು ತನ್ನ ಪಾಡಿಗೆ ಉಸಿರಾಡಿದರೆ ಸಾಕು. ಕವಾಟ ಇರುವುದರಿಂದ ಹೊರಗೆ ಬಿಟ್ಟ ಉಸಿರು ಕೊಳವೆಯೊಳಗೆ ವಾಪಸ್ ಹೋಗುವುದಿಲ್ಲ.

"ಈ ಪಂಪು ಮಾಣಿಗೆ ಅಭ್ಯಾಸ ಆಗೋಗ್ತು ಅಲ್ದನೆ?" ಅಂತ ನಮ್ಮ ಆಯಿ ಇವತ್ತಿಗೂ ಕೇಳುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ನನ್ನದೂ ಅದೇ ಭಯ ಇತ್ತು. ನನಗೆ ಡಾಕ್ಟರ್ ಹೇಳಿದ ಲೆಕ್ಕವನ್ನೇ ಆಯಿಗೂ ಹೇಳಿದೆ. ಉಸಿರಿನ ನಾಳ ತೆರೆಯುವ ಸಾಲ್ಬುಟಮಾಲ್ ಸಿರಪ್ಪಿನ ಒಂದು ಚಮಚ, ಅಂದರೆ 5 ಎಂಎಲ್‌ನಲ್ಲಿ, 2 ಮಿಲಿಗ್ರಾಂ ಔಷಧಿ ಇರುತ್ತದೆ. ಅದೇ ಔಷಧಿ ಇನ್‌ಹೇಲರ್‌ನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಇಪ್ಪತ್ತು ಪಟ್ಟು ಕಡಿಮೆ. ಸಿರಪ್ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಅದಕ್ಕೇ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು. ಇನ್‌ಹೇಲರ್‌ನದ್ದು ಬೇಕಾದ ಕಡೆಗೇ ಹೋಗುತ್ತದೆ. ನಾನು ಪಂಪು ಬೇಡ ಅಂತ ಹಠ ಹಿಡಿದು ನಾಲ್ಕು ತಿಂಗಳು ಮಗನಿಗೆ ಕುಡಿಸಿದ್ದು ಇಪ್ಪತ್ತು ಪಟ್ಟು ಜಾಸ್ತಿ ಔಷಧಿ.

ಎರಡು ಬಗೆಯ ಇನ್‌ಹೇಲರ್ ಇವೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಸಾಲ್ಬುಟಮಾಲ್ ಕೂಡಲೇ ನಾಳ ತೆರೆಯುತ್ತದೆ, ಕೆಲವು ಗಂಟೆಯ ಕೆಲಸ. ಬುಡೆಸೊನೈಡ್‌ನಂಥದ್ದು ಒಳಗಿನ ಊತವನ್ನೇ ಇಳಿಸುತ್ತದೆ, ಅದನ್ನು ಆರಾಮಿದ್ದ ದಿನವೂ ಡಾಕ್ಟರ್ ಹೇಳಿದಷ್ಟು ಕಾಲ ತಗೊಳ್ಳಬೇಕು. ಆರಾಮಾಯಿತಲ್ಲ ಅಂತ ನಾವು ಒಮ್ಮೆ ನಮ್ಮಷ್ಟಕ್ಕೆ ನಿಲ್ಲಿಸಿದೆವು. ಮೂರು ವಾರಕ್ಕೆ ಮತ್ತೆ ರಾತ್ರಿ ಕೆಮ್ಮು. ಇದು ಸ್ಟೀರಾಯ್ಡ್ ಹೌದು. ವರ್ಷಗಟ್ಟಲೆ ತಗೊಂಡ ಮಕ್ಕಳ ಎತ್ತರದಲ್ಲಿ ಸುಮಾರು 1 ಸೆಂಟಿಮೀಟರ್ ವ್ಯತ್ಯಾಸ ಬರಬಹುದು ಅಂತಲೂ ಡಾಕ್ಟರ್ ಮುಚ್ಚಿಡದೆ ಹೇಳಿದರು. ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆ ಹಾಕಿ ಎತ್ತರ ನೋಡುತ್ತಿದ್ದೇನೆ, ಮಗ ಬೆಳೆಯುತ್ತಿದ್ದಾನೆ.

ಬಳಸುವಾಗ ನಾನು ಕಲಿತದ್ದು ಹೇಳುತ್ತೇನೆ, ಇದು ಡಬ್ಬದೊಳಗಿನ ಸಣ್ಣ ಅಕ್ಷರದ ಕಾಗದದಲ್ಲಿ ಇರುತ್ತದೆ ಆದರೆ ಯಾರೂ ಓದುವುದಿಲ್ಲ. ಎರಡು ಸಲ ಒಟ್ಟಿಗೆ ಒತ್ತಬಾರದು, ಒಂದು ಒತ್ತಿ, ಐದಾರು ಉಸಿರು, ಮತ್ತೆ ಕುಲುಕಿ ಇನ್ನೊಂದು. ಮಾಸ್ಕ್ ಕೆನ್ನೆಗೆ ಪೂರ್ತಿ ಕೂರಬೇಕು, ಸಂದು ಬಿಟ್ಟರೆ ಔಷಧಿ ಅಲ್ಲಿಂದಲೇ ಹೋಗುತ್ತದೆ. ಮಗು ಅಳುವಾಗ ಕೊಟ್ಟರೆ ಒಳಗೆ ಹೋಗುವುದು ತುಂಬಾ ಕಡಿಮೆ, ಹಾಗಾಗಿ ನಾವು ಮೊದಲು ಅವನ ಆನೆ ಗೊಂಬೆಗೆ ಮಾಸ್ಕ್ ಹಿಡಿದು ಎಣಿಸುತ್ತಿದ್ದೆವು, ಆಮೇಲೆ ಅವನ ಸರದಿ. ಬುಡೆಸೊನೈಡ್ ಆದ ಮೇಲೆ ಬಾಯಿ ಮುಕ್ಕಳಿಸಬೇಕು, ಮಾಸ್ಕ್ ತಾಗಿದ ಮುಖ ಒರೆಸಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಬಹುದು.

ತೊಳೆಯುವುದರಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ಲೋಟ ತೊಳೆದ ಹಾಗೆ ಒಳಗೆ ಬಟ್ಟೆ ಹಾಕಿ ಚೆನ್ನಾಗಿ ಉಜ್ಜಿ ಒರೆಸುತ್ತಿದ್ದೆ. ಪ್ಲಾಸ್ಟಿಕ್ ಉಜ್ಜಿದರೆ ಅದಕ್ಕೆ ಸ್ಥಿರ ವಿದ್ಯುತ್ ಬರುತ್ತದೆ. ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಹಾಗೆ ಔಷಧಿಯ ಕಣವೆಲ್ಲ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತದೆ. ಮಗುವಿಗೆ ಸಿಗುವುದು ಕಡಿಮೆಯಾಗುತ್ತದೆ. ಸರಿಯಾದ ಕ್ರಮ ಅಂದರೆ ಬಿಡಿಸಿ, ಪಾತ್ರೆ ತೊಳೆಯುವ ದ್ರವ ಸ್ವಲ್ಪ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆದು, ಒರೆಸದೆ ಹಾಗೇ ಒಣಗಲು ಬಿಡುವುದು. ಮಳೆಗಾಲದ ಶಿರಸಿಯಲ್ಲಿ ಅದು ಒಣಗಲು ಒಂದೂವರೆ ದಿನ ಬೇಕು. ಒದ್ದೆ ಇದ್ದಾಗ ಕೊಡಲಾಗದು, ಒಣ ಬಟ್ಟೆಯಲ್ಲಿ ಒರೆಸಲಾಗದು. ಹಾಗಾಗಿ ನಮ್ಮ ಕಡೆಯವರು ಎರಡು ಸ್ಪೇಸರ್ ಇಟ್ಟುಕೊಳ್ಳುವುದೇ ಒಳ್ಳೆಯದು.

ಕೊರತೆ ಇಲ್ಲ ಅಂತಲ್ಲ. ನಾವು ಮೊದಲು ತಗೊಂಡ ಸ್ಪೇಸರಿನ ಕವಾಟ ಹತ್ತು ತಿಂಗಳಿಗೆ ಗಟ್ಟಿಯಾಗಿ ಮಗ ಉಸಿರಾಡಿದರೂ ಅಲುಗಾಡುತ್ತಿರಲಿಲ್ಲ. ನಮಗೆ ಗೊತ್ತೇ ಆಗಲಿಲ್ಲ, ಡಾಕ್ಟರ್ ನೋಡಿ ಹೇಳಿದರು. ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಒಳ್ಳೆಯದು ಅಂತ ಈಗ ಲೆಕ್ಕ. ಮಾಸ್ಕ್ ಬೇರೆ ಮಾರುತ್ತಾರೆ, ಅದು ಶಿರಸಿಯಲ್ಲಿ ಕೇಳಿದ ಕೂಡಲೇ ಸಿಗಲಿಲ್ಲ, ಮೆಡಿಕಲ್ ಶಾಪಿನವರು ಹುಬ್ಬಳ್ಳಿಯಿಂದ ತರಿಸಿಕೊಡಲು ಮೂರು ದಿನ ಹಿಡಿಯಿತು. ಇನ್‌ಹೇಲರ್‌ನಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಲೆಕ್ಕದ ಕಿಟಕಿ ಇರುವುದನ್ನೇ ಕೇಳಿ ತಗೊಳ್ಳಿ. 200 ಒತ್ತು ಮುಗಿದ ಮೇಲೂ ಬರೀ ಗಾಳಿ ಬುಸ್ ಅನ್ನುತ್ತದೆ, ಔಷಧಿ ಇರುವುದಿಲ್ಲ.

ಔಷಧಿಯನ್ನು ಮಂಜಿನ ಹಾಗೆ ಮಾಡಿ ಕೊಡುವ ನೆಬುಲೈಸರ್ ಮೆಷಿನ್ ಬೇಕಾ ಅಂತಲೂ ಕೇಳುತ್ತಾರೆ. ನಾವು ತಗೊಳ್ಳಲಿಲ್ಲ. ಮಕ್ಕಳಲ್ಲಿ ಸ್ಪೇಸರ್ ಅದಕ್ಕಿಂತ ಕಡಿಮೆಯಿಲ್ಲದಂತೆ ಕೆಲಸ ಮಾಡುತ್ತದೆ ಅಂತ ಅಧ್ಯಯನಗಳೇ ಹೇಳಿವೆ. ಕರೆಂಟ್ ಬೇಡ, ಸದ್ದಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಹಳ್ಳಿಯ ಕಡೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದಾಗ ನನಗೆ ಇದರ ಬೆಲೆ ಗೊತ್ತಾಯಿತು. ತೀವ್ರವಾದಾಗ ಆಸ್ಪತ್ರೆಯಲ್ಲಿ ಏನು ಬೇಕೋ ಅದನ್ನು ಅವರು ಮಾಡುತ್ತಾರೆ. ಪಕ್ಕೆ ಒಳಗೆ ಎಳೆಯುವುದು, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿರುವುದು, ತುಟಿ ನೀಲಿಯಾಗುವುದು ಕಂಡರೆ ಸ್ಪೇಸರ್‌ನಲ್ಲಿ ಕೊಡುತ್ತಾ ಹೊರಡಬೇಕು, ಮನೆಯಲ್ಲಿ ಕಾದು ಕೂರಬಾರದು. ನಮ್ಮ ಜಿಲ್ಲೆಯ ಎಷ್ಟೋ ಊರಿನಿಂದ ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಇಲ್ಲಾ ಗೋವಾ. ಘಟ್ಟ ಇಳಿಯಲು ಹತ್ತಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಹಾಗಾಗಿ ಇಲ್ಲಿನ ಮನೆಗಳಲ್ಲಿ ಸ್ಪೇಸರ್ ಮತ್ತು ಡಾಕ್ಟರ್ ಬರೆದುಕೊಟ್ಟ "ಹೀಗಾದರೆ ಹೀಗೆ" ಚೀಟಿ ಇನ್ನೂ ಹೆಚ್ಚು ಬೇಕು.

ಒಂದೂವರೆ ವರ್ಷದ ಹಿಂದೆ ಬೆಂಗಳೂರು ಬಿಟ್ಟು ಶಿರಸಿಗೆ ಬಂದೆವು. ಎಲ್ಲರೂ "ಮಲೆನಾಡಿನ ಗಾಳಿ, ಇನ್ನು ಪಂಪು ಬೇಡ" ಅಂದರು. ಬಂದ ಮೊದಲ ಬೇಸಿಗೆ ನಿಜಕ್ಕೂ ಚೆನ್ನಾಗಿತ್ತು, ಸಾಲ್ಬುಟಮಾಲ್ ಬಳಸಿದ್ದು ತೀರಾ ಕಡಿಮೆ. ಅಡಿಕೆ ಬೇಯಿಸುವ ಕಾಲ ಬಂತು ನೋಡಿ, ಅಂಗಳದ ಒಲೆಯ ಹೊಗೆಗೆ ಎರಡೇ ದಿನದಲ್ಲಿ ಮಗನಿಗೆ ಗುಯ್ ಗುಯ್ ಶುರು. ಬಚ್ಚಲ ಒಲೆ ಅದೇ ಗೋಡೆಯ ಆಚೆ. ಸಂಜೆಗೆ ದರಕು (ಒಣಗಿದ ಎಲೆ) ಗುಡಿಸಿ ಬೆಂಕಿ ಹಾಕುವುದು ಬೇರೆ. ರಾತ್ರಿ ಸೊಳ್ಳೆ ಬತ್ತಿ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಹೊರಡುವ ಪಿಎಂ 2.5 ಕಣ 75ರಿಂದ 137 ಸಿಗರೇಟಿನದ್ದಕ್ಕೆ ಸಮ ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಮುಚ್ಚಿದ ಕೋಣೆಯಲ್ಲಿ ಮಗು ಪಕ್ಕದಲ್ಲಿ ಅದನ್ನು ಹಚ್ಚಿ ಮಲಗುತ್ತೇವೆ. ಬೆಂಗಳೂರಿನ ಸಿಗ್ನಲ್ ಬಿಟ್ಟು ಬಂದು ಅದೇ ಹೊಗೆಯನ್ನು ಇಲ್ಲಿ ಬೇರೆ ರೂಪದಲ್ಲಿ ಕುಡಿಸುತ್ತಿದ್ದೆವು.

ಹಳ್ಳಿ, ಸಣ್ಣ ಊರು ಅಂದಕೂಡಲೇ ಗಾಳಿ ಶುದ್ಧ ಅಂತ ಅಂದುಕೊಳ್ಳುವುದು ತಪ್ಪು. ನಮ್ಮವರ ಊರು ಅಂಕೋಲಾ. 2010ರಲ್ಲಿ ರಾಜ್ಯ ಸರ್ಕಾರ ಕಬ್ಬಿಣದ ಅದಿರಿನ ರಫ್ತು ನಿಷೇಧಿಸುವವರೆಗೆ ಬೇಲೆಕೇರಿ ಮತ್ತು ಕಾರವಾರ ಬಂದರಿಗೆ ಬಳ್ಳಾರಿ ಕಡೆಯಿಂದ ಲಾರಿಗಳ ಸಾಲು ಬರುತ್ತಿತ್ತು. ರಸ್ತೆ ಬದಿಯ ಗಿಡದ ಎಲೆ, ಮನೆಯ ಹಂಚು, ಒಣಗಲು ಹಾಕಿದ ಬಟ್ಟೆ ಎಲ್ಲ ಕೆಂಪಾಗಿರುತ್ತಿತ್ತು ಅಂತ ಅವರು ಈಗಲೂ ಹೇಳುತ್ತಾರೆ.

ಮಗನ ವಿಷಯಕ್ಕೆ ಬರುತ್ತೇನೆ. ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿದೆವು. ಬಚ್ಚಲಿಗೆ ಸೋಲಾರ್ ಹಾಕಿಸಿದೆವು, ಮಳೆಗಾಲಕ್ಕೆ ಗೀಸರ್. ಅಡಿಕೆ ಬೇಯಿಸುವ ಒಲೆಯನ್ನು ಅಪ್ಪಯ್ಯ ತಾವಾಗಿಯೇ ಕೊಟ್ಟಿಗೆಯ ಆಚೆ ಸರಿಸಿದರು, ಒಂದು ಮಾತೂ ಆಡದೆ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಬರುತ್ತದೆ, ಹಾಸಿಗೆ ತಂಪು ಹಿಡಿಯುತ್ತದೆ, ಅದರಿಂದಲೂ ಉಬ್ಬಸ ಏಳುತ್ತದೆ. ಪ್ಯೂರಿಫೈಯರ್ ಆಗ ಹಾಕಿ ನೋಡಿದೆ. ಗಾಳಿಯಲ್ಲಿ ತೇಲುವ ಬೂಷ್ಟಿನ ಪುಡಿ ಹಿಡಿಯಬಹುದು, ಗೋಡೆಯ ತೇವಕ್ಕೂ ಅದಕ್ಕೂ ಸಂಬಂಧವಿಲ್ಲ. ಗೋಡೆ ಉಜ್ಜಿ ತೊಳೆದು, ಮಾಡಿನ ಸೋರಿಕೆ ಸರಿ ಮಾಡಿದ ಮೇಲೆ ಸುಧಾರಿಸಿತು. ಪ್ಯೂರಿಫೈಯರ್ ಕಪಾಟಿನ ಮೇಲೆ ಹೋಯಿತು. ಬೆಂಗಳೂರಿನಲ್ಲಿ ದೊಡ್ಡ ರಸ್ತೆ ಬದಿಯಲ್ಲಿರುವವರಿಗೆ ಅದು ಬೇಡ ಅಂತ ನಾನು ಹೇಳುವುದಿಲ್ಲ. ಮಗು ಮಲಗುವ ಕೋಣೆಗೆ ಸರಿಯಾದ ಅಳತೆಯದ್ದು, ನಿಜವಾದ ಹೆಪಾ ಇರುವುದು, ಫಿಲ್ಟರ್ ಬದಲಿಸುವ 2,500 ರೂಪಾಯಿ ವರ್ಷ ವರ್ಷ ಕೊಡಲು ಸಾಧ್ಯವಿದ್ದರೆ ತಗೊಳ್ಳಿ. ಅಯಾನ್, ಓಝೋನ್ ಬಿಡುತ್ತದೆ ಅಂತ ಹೊಗಳಿ ಮಾರುವುದನ್ನು ಮಾತ್ರ ಮುಟ್ಟಬೇಡಿ, ಓಝೋನ್ ಶ್ವಾಸನಾಳಕ್ಕೆ ಉರಿ ಹಚ್ಚುವ ಅನಿಲ. ಆದರೆ ಕೈಯಲ್ಲಿ ದುಡ್ಡು ಒಂದಕ್ಕೇ ಇದ್ದರೆ ಮೊದಲು ಡಾಕ್ಟರ್ ಬರೆದ ಇನ್‌ಹೇಲರ್ ಮತ್ತು ಸ್ಪೇಸರ್. ಪ್ಯೂರಿಫೈಯರ್‌ಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಸ್ಪೇಸರಿಗೆ ಐದಕ್ಕೆ ಐದು, ಆ ಕವಾಟದ ತೊಂದರೆ ಇದ್ದರೂ.

ಮಗನಿಗೆ ಈಗ ಏಳು ವರ್ಷ. ಮಾಸ್ಕ್ ಬಿಟ್ಟು ನೇರ ಬಾಯಿಯಿಂದ ಕೊಳವೆ ಕಚ್ಚಿ ಉಸಿರಾಡುತ್ತಾನೆ, ಬೆರಳು ಮಡಚಿ ತಾನೇ ಎಣಿಸುತ್ತಾನೆ. ಶಾಲೆಯ ಬ್ಯಾಗಿಗೆ ಇನ್ನೊಂದು ಬೇಕಿತ್ತು, ಮೆಡಿಕಲ್ ಶಾಪಿನಲ್ಲಿ ಹೇಳಿ ಬಂದಿದ್ದೇನೆ. ಅವನ ಟೀಚರ್ ತಾವೇ ಕೇಳಿ, ಹೇಗೆ ಕೊಡುವುದು ಅಂತ ಕಲಿಯಲು ಶನಿವಾರ ಮನೆಗೆ ಬರುತ್ತೇನೆ ಅಂದಿದ್ದಾರೆ. ಆನೆ ಗೊಂಬೆ ಹುಡುಕಿ ಇಡಬೇಕು.